ಪ್ರಕೃತಿ ವಿಕೋಪ ಅನ್ನೋ ಮಾತು

(ವಸ್ತಾರೆಯಲ್ಲಿ ವಿದ್ಯಾರ್ಥಿ ಗೆಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಆರಿದ್ರೆ ಮಳೆ ಹಿಡಿದರೆ ಸಾಕು, ನಮ್ಮ ಕಡೆ ಪೇಪರಿಗೆ ಸುದ್ದಿಯ ಬರ ಇಲ್ಲ. ಹೆಬ್ಬಾಳೆ ಸೇತುವೆ ಮುಳುಗಿತು, ಕಳಸ-ಹೊರನಾಡು ದಾರಿ ಕಡಿಯಿತು, ಚಾರ್ಮಾಡಿಯಲ್ಲಿ ಧರೆ ಕುಸಿಯಿತು, ಕಾಫಿ ಉದುರಿತು, ಮೆಣಸಿಗೆ ರೋಗ ಬಂತು. ಹಾಸ್ಟೆಲಿನಲ್ಲಿ ಕೂತು ನೀವೂ ಓದುತ್ತೀರಿ, ಮೊಬೈಲಿನಲ್ಲಿ ನೋಡುತ್ತೀರಿ. ಮನೆಗೆ ಫೋನು ಹತ್ತದೆ ಹೋದರೆ ರಾತ್ರಿಯೆಲ್ಲಾ ನಿದ್ದೆಗೆಡುತ್ತೀರಿ. ಈ ಸುದ್ದಿಯನ್ನು ನಾವು ಹೇಗೆ ಓದಬೇಕು ಅನ್ನೋದೇ ಇವತ್ತಿನ ನನ್ನ ಮಾತು.

'ವರುಣನ ಆರ್ಭಟ', 'ಮುನಿದ ಪ್ರಕೃತಿ' ಅಂತ ತಲೆಬರಹ ಕೊಡುತ್ತಾರೆ. ಪ್ರಕೃತಿಗೆ ಮುನಿಸು ಎಲ್ಲಿಂದ ಬಂತು? ಅದಕ್ಕೆ ನಮ್ಮ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಮಳೆಗೆ ಜಾತಿ ಇಲ್ಲ ಅಂತಲೂ ಹೇಳುತ್ತಾರೆ. ನಿಜ, ಮಳೆಗೆ ಇಲ್ಲ. ಮನೆ ಕಟ್ಟೋ ಜಾಗಕ್ಕೆ ಇದೆ. ಬಂಗಲೆ ಎಲ್ಲಿರುತ್ತೆ, ಲೈನು ಎಲ್ಲಿರುತ್ತೆ ಅಂತ ತೋಟದ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿ ನೆಲ, ಎತ್ತರದ ಜಾಗ ನೋಡಿ ಬಂಗಲೆ ಎದ್ದಿರುತ್ತೆ. ಧರೆಯ ಬುಡದಲ್ಲೋ ಹಳ್ಳದ ಪಕ್ಕದಲ್ಲೋ ಲೈನು ಕೂತಿರುತ್ತೆ.

ಕೇರಳದ ಮುನ್ನಾರ್ ಹತ್ತಿರ ಪೆಟ್ಟಿಮುಡಿ ಅಂತ ಒಂದು ಊರು. 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಜರಿದು ಟೀ ತೋಟದ ಲೈನುಗಳು ಮಣ್ಣಿನಡಿ ಹೋದವು. ಸತ್ತವರು 70 ಜನ. ಹೆಚ್ಚಿನವರು ತಮಿಳುನಾಡಿನಿಂದ ಬಂದು ತಲೆಮಾರುಗಳಿಂದ ಅಲ್ಲೇ ದುಡಿದ ದಲಿತ ಕುಟುಂಬದವರು. ಕರೆಂಟಿಲ್ಲ, ಫೋನಿಲ್ಲ; ಹೊರಗಿನವರಿಗೆ ಸುದ್ದಿ ಮುಟ್ಟಿದ್ದು ಮಾರನೇ ಬೆಳಿಗ್ಗೆ. ಅದೇ 7ರ ಸಂಜೆ ಕೋಯಿಕ್ಕೋಡಿನಲ್ಲಿ ವಿಮಾನ ಬಿತ್ತು. ಅದೂ ದುಃಖದ ಸಾವೇ, ಅಲ್ಲ ಅನ್ನೋದಿಲ್ಲ. ಆದರೆ ವಿಮಾನದಲ್ಲಿ ಸತ್ತವರ ಮನೆಗೆ ರಾಜ್ಯ ಸರ್ಕಾರ 10 ಲಕ್ಷ ಘೋಷಿಸಿತು, ಪೆಟ್ಟಿಮುಡಿಯವರಿಗೆ 5 ಲಕ್ಷ. ಒಂದೇ ರಾಜ್ಯ, ಒಂದೇ ವಾರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದುವುದನ್ನು ನಾವು ಕಲಿಯಬೇಕು.

2004ರ ಡಿಸೆಂಬರಿನ ಸುನಾಮಿಯಲ್ಲೂ ಹೀಗೇ ಆಯಿತು. ತಮಿಳುನಾಡಿನ ಕಡಲತೀರದಲ್ಲಿ ದಲಿತರನ್ನು ಪರಿಹಾರ ಶಿಬಿರಗಳಿಂದ ಹೊರಗಿಟ್ಟದ್ದು, ನೀರಿನ ಟ್ಯಾಂಕ್ ಮುಟ್ಟಗೊಡದೆ ಇದ್ದದ್ದು ದಾಖಲಾಗಿದೆ. ದೋಣಿ ಕಳಕೊಂಡವರ ಪಟ್ಟಿ ಆಯಿತು. ಆ ದೋಣಿಯ ಮೀನು ಹೊತ್ತು ಕೂಲಿ ತಿನ್ನುತ್ತಿದ್ದವರು ಏನು ಕಳಕೊಂಡರು? ಅವರಿಗೆ ಪಟ್ಟಿಯಲ್ಲಿ ಜಾಗ ಸಿಗೋದೇ ಕಷ್ಟವಾಯಿತು.

ನಮ್ಮ ಜಿಲ್ಲೆಗೆ ಬರೋಣ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿಯಿತು. ಮನೆ ಹೋಯಿತು, ಜಮೀನು ಹೋಯಿತು. ಇದ್ದವರೂ ಒಂದೇ ದಿನದಲ್ಲಿ ಇಲ್ಲದವರಾದರು. ಅವರ ನೋವನ್ನು ಹಗುರ ಮಾಡೋದು ಬೇಡ. ಆ ವರ್ಷ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತು. ನಾನು ಕೇಳೋದು ಇಷ್ಟೇ: ಲೈನು ಬಿದ್ದರೆ ಬಿದ್ದದ್ದು ಯಾರ ಮನೆ? ಹಕ್ಕುಪತ್ರ ಇಲ್ಲದವನು ಮನೆ ಕಳಕೊಂಡೆ ಅಂತ ಯಾವ ಕಾಗದ ತೋರಿಸಬೇಕು?

ಇಲ್ಲಿ ಕಾನೂನಿನ ಒಂದು ಮಾತನ್ನು ನೀವು ಗಮನವಿಟ್ಟು ಕೇಳಬೇಕು. 1951ರ ತೋಟ ಕಾರ್ಮಿಕರ ಕಾಯಿದೆಗೆ 1981ರಲ್ಲಿ ಒಂದು ಕಲಮು ಸೇರಿಸಿದರು. ಮಾಲೀಕ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ, ಮಾಲೀಕ ಪರಿಹಾರ ಕೊಡಬೇಕು. ಆದರೆ ಕುಸಿತಕ್ಕೆ ಮನೆಯಲ್ಲಿದ್ದವರ ತಪ್ಪೋ ಪ್ರಕೃತಿ ವಿಕೋಪವೋ ಮಾತ್ರ ನೇರ ಕಾರಣವಾಗಿದ್ದರೆ ಕೊಡಬೇಕಾಗಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಮಾತು ಬಂದು ಕೂತಿದೆ.

ಈಗ ತಿಳಿಯಿತೇ? ಪೇಪರಿನವನು ಕೈಗೆ ಬಂದಂತೆ ಬರೆಯೋ 'ಪ್ರಕೃತಿ ವಿಕೋಪ' ಬರೀ ಅಲಂಕಾರದ ಮಾತಲ್ಲ. ಅದು ಹೊಣೆ ಜಾರಿಸಿಕೊಳ್ಳೋರಿಗೆ ತೆರೆದಿಟ್ಟ ಬಾಗಿಲು. ಗೋಡೆ ಮೂರು ವರ್ಷದಿಂದ ಬಿರುಕು ಬಿಟ್ಟಿತ್ತು, ಲೈನಿನ ಮೇಲುಗಡೆ ಧರೆ ಕಡಿದು ರಸ್ತೆ ಮಾಡಿದ್ದರು, ಚರಂಡಿ ಮುಚ್ಚಿಹೋಗಿತ್ತು, ಇದೆಲ್ಲಾ ಮಳೆಗೆ ಮುಂಚೆಯೇ ತೇದಿ ಸಮೇತ ಕಾಗದದಲ್ಲಿ ಇದ್ದರೆ, ಸಾವಿಗೆ ಮಳೆ ಒಂದೇ ಕಾರಣ ಅಂತ ಹೇಳೋದು ಸುಲಭ ಅಲ್ಲ. ಕಾಗದ ಇಲ್ಲದಿದ್ದರೆ ಬಾಯಿಮಾತನ್ನು ಯಾರು ಕೇಳುತ್ತಾರೆ?

ಇನ್ನು ಎಚ್ಚರಿಕೆಯ ವಿಷಯ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಸುಮಾರು 300 ಜನ ಸತ್ತರು. ಟೀ ತೋಟದ 'ಪಾಡಿ'ಗಳಲ್ಲಿ, ಅಂದರೆ ಅಲ್ಲಿನ ಲೈನುಗಳಲ್ಲಿ, ಇದ್ದವರೂ ಅದರಲ್ಲಿ ಸೇರಿದ್ದರು. ಮೊದಲೇ ಎಚ್ಚರಿಸಿದ್ದೆವು ಅಂತ ಮಾರನೇ ದಿನ ಕೇಂದ್ರದ ಗೃಹಮಂತ್ರಿ ಪಾರ್ಲಿಮೆಂಟಿನಲ್ಲಿ ಹೇಳಿದರು. ಕೊಟ್ಟಿದ್ದು ಆರೆಂಜ್ ಅಲರ್ಟ್, ರೆಡ್ ಬಂದದ್ದು ಗುಡ್ಡ ಜಾರಿದ ಮೇಲೆ ಅಂತ ಕೇರಳದ ಮುಖ್ಯಮಂತ್ರಿ ಹೇಳಿದರು. ಆರೆಂಜ್ ಅಂದರೆ ದಿನಕ್ಕೆ 115.6ರಿಂದ 204.4 ಮಿಲಿಮೀಟರ್ ಮಳೆ. ಅದು ದಾಟಿದರೆ ರೆಡ್. ಅಲ್ಲಿ 48 ಗಂಟೆಯಲ್ಲಿ ಬಿದ್ದದ್ದು 572 ಮಿಲಿಮೀಟರ್. ಬಣ್ಣದ ಬಗ್ಗೆ ದೊಡ್ಡವರು ಜಗಳವಾಡಿದರು. ಆದರೆ ಊರೂರಲ್ಲಿ ಮಳೆಮಾಪಕ ಇಟ್ಟು ಲೆಕ್ಕ ಬರೆಯುತ್ತಿದ್ದ ಹ್ಯೂಮ್ ಸೆಂಟರ್ ಅನ್ನೋ ಅಲ್ಲಿನದೇ ಸಂಸ್ಥೆ ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿತ್ತು.

ಮಳೆ ಅಳೆಯೋದು ನಮ್ಮ ಸೀಮೆಗೆ ಹೊಸದಲ್ಲ. ಸಾಹುಕಾರರ ಅಂಗಳದಲ್ಲಿ ಮಾಪಕ ಇದೆ. ಹೂಮಳೆ ಎಷ್ಟು ಸೆಂಟು ಬಿತ್ತು, ಆಶ್ಲೇಷದಲ್ಲಿ ಎಷ್ಟು ಇಂಚು ಹೊಡೆಯಿತು ಅಂತ ವರ್ಷಗಟ್ಟಲೆಯ ಪುಸ್ತಕ ಇದೆ. ಅದು ಕಾಫಿಗಾಗಿ ಬರೆದ ಪುಸ್ತಕ. ಲೈನಿನ ಜನಕ್ಕಾಗಿ ಬರೆದದ್ದು ಎಲ್ಲಿದೆ? ಸರ್ಕಾರದ ಯಂತ್ರಗಳು ಪಂಚಾಯ್ತಿ ಮಟ್ಟದಲ್ಲಿವೆ, ಒಳ್ಳೆಯದೇ. ಆದರೆ ಗುಡ್ಡದ ಈಚೆ ಬೀಳೋ ಮಳೆ ಆಚೆ ಬೀಳೋದಿಲ್ಲ ಅಂತ ನಿಮಗೇ ಗೊತ್ತು.

ಅದಕ್ಕೆ ರಜೆಗೆ ಹೋದಾಗ ಈ ಕೆಲಸ ಮಾಡಿ. ಬಾಯಿ, ತಳ ಎರಡೂ ಒಂದೇ ಅಗಲ ಇರೋ ಡಬ್ಬ ಒಂದನ್ನು ಮರ, ಸೂರು ಇಲ್ಲದ ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ಅಳೆದು, ಬರೆದು, ನೀರು ಚೆಲ್ಲಿ. ಹವಾಮಾನ ಇಲಾಖೆಯವರು ಅಳೆಯೋದೂ ಅದೇ ಹೊತ್ತಿಗೆ. 25.4 ಮಿಲಿಮೀಟರಿಗೆ ಒಂದು ಇಂಚು. ಎಂಟು ಇಂಚು ದಾಟಿದರೆ ಅದೇ ರೆಡ್. ಲೈನಿನ ಹಿಂದಿನ ಧರೆಯನ್ನು ನೋಡಿ. ನೆಲ ಬಿರುಕು ಬಿಟ್ಟಿದೆಯೇ, ಮರ ವಾಲಿದೆಯೇ, ತಿಳಿಯಾಗಿದ್ದ ಒರತೆ ದಿಢೀರನೆ ಕದಡಿದೆಯೇ? ಕಂಡರೆ ರಾತ್ರಿಗೆ ಕಾಯಬೇಡಿ, ಮಕ್ಕಳು ಮುದುಕರನ್ನು ಮೊದಲು ಹೊರಡಿಸಿ. ಆಮೇಲೆ ಪಂಚಾಯ್ತಿಗೆ, ತಹಸೀಲ್ದಾರರಿಗೆ ಅರ್ಜಿ ಬರೆದು ಮೊಹರು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಅಪ್ಪ ಅವ್ವನಿಗೆ ಅಕ್ಷರ ದಕ್ಕಲಿಲ್ಲ. ನಿಮಗೆ ದಕ್ಕಿದೆ. ಆ ಅಕ್ಷರ ಪರೀಕ್ಷೆಗೆ ಮಾತ್ರ ಖರ್ಚಾಗಬಾರದು. ಒಂದು ನೋಟ್‌ಬುಕ್ಕು, ಒಂದು ಡಬ್ಬ, ಒಂದು ಸ್ಕೇಲು ಸಾಕು. ನಾಳೆ ಯಾರಾದರೂ ಬಂದು ಇದು ಪ್ರಕೃತಿ ವಿಕೋಪ, ಏನೂ ಮಾಡೋಕಾಗಲ್ಲ ಅಂದರೆ, ಆ ಪುಸ್ತಕ ಮುಂದಿಟ್ಟು ಓದಿ ಹೇಳಿ.

ಜೈ ಭೀಮ್.