ಬಸುರಿಯ ಕೈನೋವಿಗೆ ‘ಸಹಿಸ್ಕೋ’ ಅನ್ನೋದು ಮದ್ದಲ್ಲ



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಮಾತು ಕನ್ನಡವಾಗಿರೋ ನಮ್ಮಲ್ಲಿ ಬಹಳ ಜನ ಕೈ ನಂಬಿ ಬದುಕೋರು. ಸಿರುಮುಗೈ ಕಡೆ ದೇವಾಂಗರ ಮಗ್ಗ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕತ್ತರಿ, ಓವರ್‌ಲಾಕ್ ಮಿಷನ್, ನಮ್ಮಂಥ ಬ್ಯಾಂಕಿನವರಿಗೆ ನೋಟಿನ ಕಟ್ಟು, ಕೀಬೋರ್ಡ್. ಇಂಥ ಕೈಗೆ ಏಳು-ಎಂಟನೇ ತಿಂಗಳಲ್ಲಿ ಜೋಮು ಹಿಡಿದರೆ ಮನೇಲಿ ಏನಂತೀವಿ? “ಬಸುರಿ ಅಂದ್ಮೇಲೆ ಇದ್ದಿದ್ದೇ, ಸಹಿಸ್ಕೋ.”

ಇದಕ್ಕೊಂದು ಹೆಸರಿದೆ: ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನಲ್ಲಿ ಒಂದು ಕಿರಿದಾದ ದಾರಿ. ಅದರೊಳಗೆ ಬೆರಳು ಮಡಿಸೋ ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಹೋಗುತ್ತೆ. ಬಸುರಿನಲ್ಲಿ ಮೈಯಲ್ಲಿ ನೀರು ತುಂಬಿ ಜಾಗ ಇಕ್ಕಟ್ಟಾದಾಗ ನರ ಅದುಮುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡೀತಾವೆ. ಕಿರುಬೆರಳು ಸಾಮಾನ್ಯವಾಗಿ ಆರಾಮಾಗಿರುತ್ತೆ. ರಾತ್ರಿ ಜಾಸ್ತಿ. ಬೆಳಗ್ಗೆ ಮುಷ್ಟಿ ಕಟ್ಟೋಕಾಗಲ್ಲ, ಲೋಟ ಜಾರುತ್ತೆ.

ಏನು ಮಾಡ್ಬೇಕು? ಮಲಗುವಾಗ ಮಣಿಕಟ್ಟು ಮಡಿಚದೆ ನೆಟ್ಟಗಿರಬೇಕು. ಅದಕ್ಕೆ ರಿಸ್ಟ್ ಸ್ಪ್ಲಿಂಟ್ ಸಿಗುತ್ತೆ, ಬಿಗಿಯಾಗಿ ಕಟ್ಟಬೇಡಿ. ಕೈಯನ್ನ ದಿಂಬಿನ ಮೇಲೆ ಎತ್ತರಕ್ಕೆ ಇಟ್ಕೊಳ್ಳಿ. ಕೆಲಸದ ನಡುವೆ ಆಗಾಗ ಕತ್ತರಿ ಕೆಳಗಿಟ್ಟು ಬೆರಳು ಬಿಚ್ಚಿ ಮಡಿಚಿ. ಉಂಗುರ ಮೊದಲೇ ತೆಗೀರಿ. ಸೀಮಂತಕ್ಕೆ ಕೈತುಂಬ ಬಳೆ ತೊಡಿಸೋದೂ ಕೈ ಊದೋ ಕಾಲದಲ್ಲೇ; ಒಂದಳತೆ ದೊಡ್ಡ ಬಳೆ ತನ್ನಿ, ಬಿಗಿಯಾದ್ರೆ ತೆಗೆದಿಡಿ, ಶಾಸ್ತ್ರ ಕೆಡಲ್ಲ. ಮೆಡಿಕಲ್ ಶಾಪಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಬೇಡಿ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದು. ಹೆರಿಗೆಯಾದ ಮೇಲೆ ಕೆಲವೇ ವಾರಗಳಲ್ಲಿ ಬಹುಪಾಲು ಜನರಿಗೆ ನೋವು ಇಳಿಯುತ್ತೆ. ಇಳಿಯದಿದ್ರೆ, ಹಿಡಿತ ಸೋತರೆ, ಮತ್ತೆ ಡಾಕ್ಟರಿಗೆ ತೋರಿಸಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೈ, ಮುಖ ಇದ್ದಕ್ಕಿದ್ದಂತೆ ಊದಿ, ವಿಪರೀತ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದ್ರೆ ಅದು ಬರೀ ಕೈನೋವಲ್ಲ. ರಕ್ತದೊತ್ತಡ ಏರಿರಬಹುದು, ತಾಯಿ ಮಗು ಇಬ್ಬರಿಗೂ ಅಪಾಯ. ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಇನ್ನು ಭಾಷೆಯ ವಿಷಯ. ತಾಳವಾಡಿ, ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ, ದುಡಿಮೆಗಾಗಿ ಇಲ್ಲಿಗೆ ಬಂದ ಹೆಣ್ಣುಮಗಳಿಗೆ ಸಂತೆಗೆ ಸಾಕಾಗೋ ತಮಿಳು ಆಸ್ಪತ್ರೆಗೆ ಸಾಕಾಗಲ್ಲ. “ಕೈ ವಲಿಕ್ಕುದು” ಅಂದ್ರೆ ನೋವು ಅಂತಷ್ಟೇ ತಿಳಿಯುತ್ತೆ. ಜೋಮಿಗೆ “ಮರತ್ತುಪ್ಪೋಗುದು” ಅನ್ನಬೇಕು. ನಮ್ಮ ಮರಗಟ್ಟೋದಕ್ಕೆ ಹತ್ತಿರದ ಮಾತೇ. ಯಾವ ಬೆರಳು, ಯಾವ ಹೊತ್ತು ಅಂತಾನೂ ಹೇಳಿಕೊಡಿ.

ಲೆಕ್ಕದ ಮಾತೂ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳದ ರಜೆ 12ರಿಂದ 26 ವಾರಕ್ಕೆ ಏರಿತು. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ತಗೋಬಹುದು. ಇಎಸ್‌ಐ ಕಾರ್ಡಿದ್ದರೆ ಆ ದುಡ್ಡು ಅಲ್ಲಿಂದ ಬರುತ್ತೆ. ಕಾರ್ಡ್ ಇದೆಯಾ ಅಂತ ಈಗಲೇ ನೋಡಿ.

ತಮ್ಮಂದಿರೇ, ಬಟ್ಟೆ ಹಿಂಡೋದು, ಹಿಟ್ಟು ನಾದೋದು, ಬಿಂದಿಗೆ ಎತ್ತೋದು ಆ ಮೂರು ತಿಂಗಳು ನಿಮ್ಮ ಕೆಲಸ. ಮುಂದಿನ ಚೆಕಪ್ಪಿಗೆ ಅಕ್ಕನ ಜೊತೆ, ಹೆಂಡತಿಯ ಜೊತೆ ನೀವೂ ಒಳಗೆ ಹೋಗಿ, ಕೈನೋವಿನ ಮಾತು ನೀವೇ ಎತ್ತಿ.