ಗರ್ಭದಲ್ಲೇ ಮುಗಿಯುವ ಲೆಕ್ಕ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವವಳು. ವಿಜ್ಞಾನದ ವಿಷಯ ಇವಳಿಗೇಕೆ ಎಂದು ನಿಮಗೆ ಅನಿಸಬಹುದು. ಇದಕ್ಕೆ ಕಾರಣ ಎಂಟನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ. ‘ಟೀಚರ್, ನಾವೆಲ್ಲ ಒಂದೇ ಜೀವಕೋಶದಿಂದ ಬೆಳೆದವರಂತೆ. ಹಾಗಾದರೆ ಕಣ್ಣು ಕಣ್ಣೇ ಯಾಕಾಯ್ತು? ಗುರ್ದಾ ಗುರ್ದಾನೇ ಯಾಕಾಯ್ತು?’ ಉತ್ತರ ಹುಡುಕುತ್ತಾ ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ರತಿ ಮನೆಯಲ್ಲೂ ಒಂದೇ ನಿಘಂಟು ಇದೆ ಎಂದುಕೊಳ್ಳಿ. ಎಲ್ಲರೂ ಎಲ್ಲ ಪುಟಗಳನ್ನೂ ಓದುವುದಿಲ್ಲ, ಬೇಕಾದ ಪುಟವನ್ನಷ್ಟೇ ತೆರೆಯುತ್ತಾರೆ. ನಮ್ಮ ಜೀವಕೋಶಗಳಲ್ಲೂ ಹಾಗೆಯೇ. ಸುಮಾರು 20,000 ವಂಶವಾಹಿಗಳ ಅದೇ ನಿಘಂಟು ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿದೆ. ಯಾವ ಪುಟ ತೆರೆಯಿತು ಎಂಬುದರ ಮೇಲೆ ಕೋಶ ಏನಾಗಬೇಕೆಂಬುದು ನಿಂತಿದೆ.

ಮೂತ್ರಪಿಂಡವನ್ನೇ ನೋಡಿ. ಗರ್ಭದ ಐದನೇ ವಾರದ ಹೊತ್ತಿಗೆ ಒಂದು ಸಣ್ಣ ನಾಳದಿಂದ ಮೊಗ್ಗು ಮೂಡುತ್ತದೆ. ಪಕ್ಕದಲ್ಲಿರುವ ಕೋಶಗಳ ಗುಂಪು ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ಆ ಮೊಗ್ಗನ್ನು ಕರೆಯುತ್ತದೆ. ಮೊಗ್ಗಿನ ತುದಿಯಲ್ಲಿ ‘ರೆಟ್’ ಎಂಬ ವಂಶವಾಹಿ ತೆರೆದಿದ್ದರೆ ಮಾತ್ರ ಆ ಕರೆ ಕೇಳಿಸುತ್ತದೆ. ಕರೆ ಕೇಳಿದ ಮೊಗ್ಗು ಗುಂಪಿನೊಳಗೆ ನುಗ್ಗಿ ಮರದಂತೆ ಕವಲೊಡೆಯುತ್ತದೆ. ಈಗ ಮೊಗ್ಗು ಮರುಮಾತು ಕೊಡುತ್ತದೆ. ಆ ಗುಂಪಿನಲ್ಲಿ ಸಿಕ್ಸ್-2 ಎಂಬ ವಂಶವಾಹಿ ಕೆಲಸ ಮಾಡುವವರೆಗೂ ಕೋಶಗಳು ಕಚ್ಚಾ ಆಗಿಯೇ ಉಳಿದು ಸಂಖ್ಯೆಯಲ್ಲಿ ಬೆಳೆಯುತ್ತವೆ. ಅದು ಸುಮ್ಮನಾದ ಮೇಲೆ ರಕ್ತ ಸೋಸುವ ನೆಫ್ರಾನ್‌ಗಳಾಗಲು ಹೊರಡುತ್ತವೆ.

ಒಂದೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷ ನೆಫ್ರಾನ್‌ಗಳಿರುತ್ತವೆ. ಆದರೆ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಿದೆ. ಸುಮಾರು 36ನೇ ವಾರಕ್ಕೆ ಈ ಕೆಲಸ ನಿಂತುಹೋಗುತ್ತದೆ. ಆ ಮೇಲೆ ಜೀವಮಾನವಿಡೀ ಹೊಸದೊಂದು ನೆಫ್ರಾನ್ ಹುಟ್ಟುವುದಿಲ್ಲ. ಕಡಿಮೆ ನೆಫ್ರಾನ್ ಇದ್ದವರಿಗೆ ಮುಂದೆ ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ ಬರುವ ಸಂಭವ ಹೆಚ್ಚು.

ಈ ಲೆಕ್ಕಕ್ಕೂ ನಮ್ಮ ಅಡುಗೆಮನೆಗೂ ಸಂಬಂಧವಿದೆ. ರೆಟ್ ವಂಶವಾಹಿ ಚೆನ್ನಾಗಿ ತೆರೆಯಲು ಎ ಜೀವಸತ್ವ ಬೇಕು. ಇಲಿಗಳಲ್ಲಿ ತಾಯಿಗೆ ಇದರ ಅಲ್ಪ ಕೊರತೆಯಾದರೂ ಮರಿಗಳ ನೆಫ್ರಾನ್ ಸಂಖ್ಯೆ ತಗ್ಗಿದ್ದು ಕಂಡುಬಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಮತ್ತು ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಎರಡೂ ಊರುಗಳ ತಾಯಂದಿರನ್ನೂ ನವಜಾತ ಶಿಶುಗಳನ್ನೂ ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಬೆಂಗಳೂರಿನ ತಾಯಂದಿರಲ್ಲಿ ಎ ಜೀವಸತ್ವದ ಕೊರತೆ ಹೆಚ್ಚಿತ್ತು. ಅಲ್ಲಿನ ಶಿಶುಗಳ ಮೂತ್ರಪಿಂಡ ಸರಾಸರಿಯಲ್ಲಿ ಚಿಕ್ಕದಾಗಿತ್ತು. ಅದೊಂದು ಸಣ್ಣ ಪ್ರಾಯೋಗಿಕ ಅಧ್ಯಯನ, ಕೊನೆಯ ತೀರ್ಪಲ್ಲ. ಆದರೂ ಅದು ನಮ್ಮನ್ನು ಎಚ್ಚರಿಸಬೇಕು.

ಐದನೇ ವಾರದಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಎಂಬುದೇ ತಿಳಿದಿರುವುದಿಲ್ಲ. ಹಾಗಿದ್ದ ಮೇಲೆ ಪೋಷಣೆ ಯಾವಾಗ ಶುರುವಾಗಬೇಕು? ಮದುವೆಗೆ ಎಷ್ಟೋ ಮೊದಲು, ಶಾಲೆಗೆ ಹೋಗುವ ಹುಡುಗಿಯ ತಟ್ಟೆಯಿಂದಲೇ. ಆದರೆ ನಮ್ಮಲ್ಲಿ ಗಂಡಸರು, ಗಂಡುಮಕ್ಕಳು ಉಂಡೆದ್ದ ಮೇಲೆ ತಳದಲ್ಲಿ ಉಳಿದ ಸಾಲನ್ ಅವಳ ಪಾಲಿಗೆ. ಇದು ಬದಲಾಗಬೇಕು. ನುಗ್ಗೆಸೊಪ್ಪು, ಹರಿವೆ, ಕ್ಯಾರೆಟ್, ಸಿಹಿಗುಂಬಳ, ಮಾವಿನಹಣ್ಣು, ಹಾಲು, ಮೊಟ್ಟೆ ಅವಳಿಗೂ ಸಿಗಲಿ.

ಒಂದು ಎಚ್ಚರಿಕೆ. ಎ ಜೀವಸತ್ವ ಅತಿಯಾದರೆ ಭ್ರೂಣಕ್ಕೆ ಕೇಡು. ವೈದ್ಯರನ್ನು ಕೇಳದೆ ಮಾತ್ರೆ ನುಂಗಬೇಡಿ. ಕಲೇಜಿಯಲ್ಲಿ ಇದು ವಿಪರೀತ ಇರುವುದರಿಂದ ಗರ್ಭಿಣಿಯರಿಗೆ ಅದು ಬೇಡ.

ಆ ಹುಡುಗಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಸರಿಯಾದ ಪುಟ ಸರಿಯಾದ ಹೊತ್ತಿಗೆ ತೆರೆಯಬೇಕು. ಆ ಹೊತ್ತು ಮೀರಿದರೆ ಮತ್ತೆ ಬರುವುದಿಲ್ಲ. ತಾಯಂದಿರೆ, ಇಂದು ರಾತ್ರಿ ಮಗಳಿಗೂ ಎಲ್ಲರ ಜೊತೆಯಲ್ಲೇ ಬಡಿಸಿ.