ಎತ್ತರದ ಕಟ್ಟಡಕ್ಕೆ ಗಾಜಿನ ಗೋಡೆ



ಗಾಜಿಗೆ ಉರ್ದುವಿನಲ್ಲಿ ಶೀಶಾ ಎನ್ನುತ್ತೇವೆ. ಕನ್ನಡದ ‘ಸೀಸೆ’ಯೂ ಅದರದೇ ರೂಪ. ಭಾಷೆಯ ಮೇಷ್ಟರಾದ ನಾನು ಇಂದು ಪದ ಬಿಟ್ಟು ವಸ್ತುವಿನ ಬಗ್ಗೆ ಮಾತನಾಡುತ್ತೇನೆ. ನಮ್ಮ ದೇವಸಮುದ್ರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಹುಡುಗರಿದ್ದಾರೆ. ಅಲ್ಲಿ 2010ರಲ್ಲಿ ತೆರೆದ ವರ್ಲ್ಡ್ ಟ್ರೇಡ್ ಸೆಂಟರ್‌ನಂಥ ಕಟ್ಟಡ ಕಂಡವರು, ‘ಅಷ್ಟು ಎತ್ತರಕ್ಕೆ ಗಾಜು ಹೇಗೆ ಅಂಟಿಸ್ತಾರೆ ಸಾರ್?’ ಎಂದು ಕೇಳುತ್ತಾರೆ.

ಅಂಟಿಸುವುದಿಲ್ಲ ಮಕ್ಕಳೇ, ತೂಗುಹಾಕುತ್ತಾರೆ. ಅದಕ್ಕೇ ಇದರ ಹೆಸರು ಕರ್ಟನ್ ವಾಲ್, ಅಂದರೆ ಪರದೆ ಗೋಡೆ. ಕಟ್ಟಡದ ಭಾರವನ್ನು ಅದು ಹೊರುವುದಿಲ್ಲ. ತನ್ನ ಭಾರವನ್ನೂ ಗಾಳಿಯ ಒತ್ತಡವನ್ನೂ ಕಟ್ಟಡಕ್ಕೆ ದಾಟಿಸುತ್ತದೆ. ಒಂದು ಮಹಡಿ ಎತ್ತರದ ಅಲ್ಯೂಮಿನಿಯಂ ಚೌಕಟ್ಟಿಗೆ ಕಾರ್ಖಾನೆಯಲ್ಲೇ ಎರಡು ಪದರದ ಗಾಜನ್ನು ಸಿಲಿಕೋನ್‌ನಿಂದ ಕೂರಿಸುತ್ತಾರೆ. ಧೂಳು ಬಿದ್ದರೆ ಸಿಲಿಕೋನ್ ಹಿಡಿಯದು, ಆದ್ದರಿಂದ ಈ ಕೆಲಸ ಬಯಲಲ್ಲಿ ಆಗುವುದಿಲ್ಲ. ಅದು ಗಟ್ಟಿಯಾಗಲು ದಿನಗಳೇ ಬೇಕು. ಆಮೇಲೆ ಲಾರಿ, ಆಮೇಲೆ ಕ್ರೇನು. ಸ್ಲ್ಯಾಬಿನ ಅಂಚಿನ ಬ್ರಾಕೆಟ್ಟಿಗೆ ಫಲಕದ ಕೊಕ್ಕೆ ಸಿಕ್ಕಿಸಿ, ಪಕ್ಕದ ಫಲಕದೊಳಗೆ ಅಂಚು ತೂರಿಸುತ್ತಾರೆ. ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾಕ್ಕೆ ಇಂಥ ಫಲಕಗಳು 24 ಸಾವಿರಕ್ಕೂ ಹೆಚ್ಚು.

ನಿಜವಾದ ಜಾಣ್ಮೆ ಇರುವುದು ಸಂದಿನಲ್ಲಿ. ನಾಲ್ಕು ಮೀಟರ್ ಅಲ್ಯೂಮಿನಿಯಂ 40 ಡಿಗ್ರಿ ಹೆಚ್ಚು ಕಾದರೆ ಮೂರೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಕಾಂಕ್ರೀಟು ಅದರ ಅರ್ಧದಷ್ಟು. ಜಾಗ ಬಿಡದಿದ್ದರೆ ಗಾಜು ಸೀಳುತ್ತದೆ. ಬ್ರಾಕೆಟ್ಟು ಕೆಲವೇ ಮಿಲಿಮೀಟರ್ ತಪ್ಪಿದರೂ ಮುಂದಿನ ಸಾಲು ಕೂರುವುದಿಲ್ಲ. ಗಣಿತ ಯಾಕೆ ಎನ್ನುವವರು ಇದನ್ನು ಗಮನಿಸಿ! ಈ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದೇ ಒಂದು ಉದ್ಯೋಗ. ಡಿಪ್ಲೊಮಾ ಓದಿದ ನಮ್ಮ ಹೆಣ್ಣುಮಕ್ಕಳೂ ಮಾಡಬಹುದು. ಹಗ್ಗ ಹಿಡಿದು ಹೋದ ಹುಡುಗ ಕೊನೆವರೆಗೂ ಹಗ್ಗವನ್ನೇ ಹಿಡಿದಿರಬೇಕೆಂದು ನನಗೆ ಅನಿಸುವುದಿಲ್ಲ.

ಇನ್ನೊಂದು ಸಂದು ಪ್ರಾಣಕ್ಕೆ ಸಂಬಂಧಿಸಿದ್ದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹತ್ತಿ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಗಟ್ಟಿದವರು ಗಾಜು ಒಡೆದರು, ಕೆಲವರು ಕೆಳಗೆ ಹಾರಿದರು. ಒಂಬತ್ತು ಜನ ಸತ್ತರು. ಅಲ್ಲಿ ಹೊಗೆ ಏರಿದ್ದು ಕಟ್ಟಡದೊಳಗಿನ ದಾರಿಯಿಂದ. ಆದರೆ ಸ್ಲ್ಯಾಬಿಗೂ ಗಾಜಿಗೂ ನಡುವಿನ ಕಿಂಡಿ ಮುಚ್ಚದಿದ್ದರೆ ಅದೂ ಚಿಮಣಿಯೇ. ಅದಕ್ಕೆ ಬೆಂಕಿ ತಡೆಯುವ ಕಲ್ಲುನಾರಿನ ಉಣ್ಣೆಯನ್ನು ಒತ್ತಿ ತುಂಬಬೇಕು. ಮುಗಿದ ಮೇಲೆ ಯಾರಿಗೂ ಕಾಣದ ಕೆಲಸವಿದು. ಎಷ್ಟೋ ಕಟ್ಟಡಗಳಲ್ಲಿ ಮಹಡಿಗೊಂದರಂತೆ ಗಾಜು ಮಬ್ಬಾದ ಅಡ್ಡಪಟ್ಟಿ ಇರುತ್ತದಲ್ಲ, ಆ ಉಣ್ಣೆ ಇರುವುದು ಅದರ ಹಿಂದೆ.